ಹಗ್ಗದ ಮೇಲೊಂದು ಬೋಗುಣಿ

ನಿನ್ನೆ ಸಂಜೆ ಕೊನೆಯ ಕ್ಲಿಪ್ಪು ಬಿಚ್ಚಿದೆವು. ಲೈಂಗಿಕ ದೌರ್ಜನ್ಯ ನಡೆದಾಗ ಮೈಮೇಲಿದ್ದ ಬಟ್ಟೆಗಳ ನಮ್ಮ ಪ್ರದರ್ಶನದಲ್ಲಿ ಮೂರು ದಿನ ಹಗ್ಗದ ಮೇಲಿದ್ದ 41 ಬಟ್ಟೆಗಳು ಈಗ ನಮ್ಮ ಮನೆಯ ಮಂಚದ ಮೇಲಿವೆ. ಹಿಂದಿರುಗಿಸಬೇಕಾದವನ್ನು ಬೇರೆ ಮಾಡುತ್ತಾ ಇದನ್ನು ಬರೆಯುತ್ತಿದ್ದೇನೆ.

ಆಲೋಚನೆ ನಮ್ಮದಲ್ಲ. ಕಲಾವಿದೆ ಜಸ್ಮೀನ್ ಪಥೇಜಾ 2003ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ‘ಬ್ಲ್ಯಾಂಕ್ ನಾಯ್ಸ್’ ಎಂಬ ಅಭಿಯಾನ, ಲೈಂಗಿಕ ಕಿರುಕುಳ ನಡೆದಾಗ ಮೈಮೇಲಿದ್ದ ಬಟ್ಟೆಯನ್ನೇ ಕೇಳಿ ಪಡೆದು ಸಾಕ್ಷಿಯಾಗಿ ನಿಲ್ಲಿಸಿತು. ದಾರಿ ತೋರಿಸಿದ್ದು ಅದು. ಇನ್ನೊಂದು ದೂರದ್ದು: ಯುದ್ಧಕಾಲದಲ್ಲಿ ಅತ್ಯಾಚಾರಕ್ಕೆ ಒಳಗಾಗಿ, ಆಮೇಲೆ ವರ್ಷಗಟ್ಟಲೆ ಬಾಯಿ ಬಿಡಲಾಗದೆ ಉಳಿದವರಿಗಾಗಿ ಯುರೋಪಿನ ಕೊಸೊವೊದ ಕಲಾವಿದೆ ಅಲ್ಕೆತಾ ಜಾಫಾ ಮ್ರಿಪಾ 2015ರ ಜೂನ್‌ನಲ್ಲಿ ಅಲ್ಲಿನ ರಾಜಧಾನಿ ಪ್ರಿಸ್ಟಿನಾದ ಫುಟ್‌ಬಾಲ್ ಕ್ರೀಡಾಂಗಣದ ತುಂಬ ಹಗ್ಗ ಕಟ್ಟಿ ಸಾವಿರಾರು ಲಂಗ, ಉಡುಪುಗಳನ್ನು ತೂಗುಹಾಕಿದರು. ಆ ಚಿತ್ರ ತೋರಿಸಿದಾಗ ಅಮ್ಮ, “ಇಷ್ಟನ್ನೂ ಒಗೆದವರು ಯಾರೇ?” ಎಂದಳು. ಮರುದಿನ ಎರಡು ಡಜನ್ ಕ್ಲಿಪ್ಪು ತಂದಿಟ್ಟಳು. ಅಮ್ಮನಿಗೆ ಮೊದಲ ನಮಸ್ಕಾರ.

ಒಪ್ಪಿಕೊಂಡಿದ್ದ ಸಭಾಂಗಣದವರು ಕೊನೆಯ ವಾರ, “ಮರ್ಯಾದಸ್ಥರು ಬರುವ ಜಾಗ” ಎಂದು ಕೈಕೊಟ್ಟರು. ಅವರಿಗೆ ಹೇಳುವುದೇನೂ ಇಲ್ಲ. ಮುಚ್ಚಿದ್ದ ಅಕ್ಕಿ ಗಿರಣಿಯ ಬೀಗದ ಕೈ ಕೊಟ್ಟು, ತೌಡಿನ ಧೂಳು ಹೋಗುವವರೆಗೆ ತಾವೇ ಪೊರಕೆ ಹಿಡಿದ ಹಿರಿಯರಿಗೆ ನಾವು ಋಣಿಗಳು.

ಇಸ್ತ್ರಿ ಅಂಗಡಿಯ ಅಣ್ಣ ಎಲ್ಲವನ್ನೂ ಬಿಟ್ಟಿಯಾಗಿ ಇಸ್ತ್ರಿ ಮಾಡಿಕೊಡುತ್ತೇನೆಂದರು. ಶಾಲೆಯ ಸಮವಸ್ತ್ರವೊಂದನ್ನು ತಂದವರು ಮಾತ್ರ ಬೇಡವೆಂದರು. ಆ ಸುಕ್ಕು ಹಾಗೆಯೇ ಇರಬೇಕಂತೆ. ಅಣ್ಣ ಅದನ್ನು ಪಕ್ಕಕ್ಕಿಟ್ಟರು, ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ನಮ್ಮ ತಂಡದವರಿಗೆ ಎರಡು ವಾರ ಹೇಳಿಕೊಟ್ಟರೂ ಬಾರದ ಸಂಯಮ ಅದು (ನನಗೂ ಬಂದಿರಲಿಲ್ಲ).

ಬಟ್ಟೆ ಕೊಟ್ಟವರಿಗೆ ಏನೆಂದು ಹೇಳಲಿ? ನೈಟಿ, ಲಂಗದಾವಣಿ, ಗಾರ್ಮೆಂಟ್ಸ್ ಕೆಲಸಕ್ಕೆ ಉಟ್ಟ ಸೀರೆ, ಬುರ್ಖಾ, ಒಬ್ಬ ಹುಡುಗನ ಚಡ್ಡಿ. “ಏನು ಹಾಕಿಕೊಂಡಿದ್ದೆ?” ಎಂದು ಕೇಳುವವರು ಬಂದು ನೋಡಲಿ ಎಂದೇ ಕೊಟ್ಟರು. ಕೆಲವರ ಬಳಿ ಆ ಬಟ್ಟೆ ಉಳಿದಿರಲಿಲ್ಲ. ಒಬ್ಬರು ಒಲೆಗೆ ಹಾಕಿದ್ದರು. ಇನ್ನೊಬ್ಬರು ಆ ಚೂಡಿದಾರವನ್ನು ಹಳೆಬಟ್ಟೆಗೆ ಪಾತ್ರೆ ಕೊಡುವಾಕೆಗೆ ಹಾಕಿ, ಬದಲಿಗೆ ಬಂದ ಸ್ಟೀಲ್ ಬೋಗುಣಿಯನ್ನೇ ತಂದರು. ಅದನ್ನು ಎಲ್ಲಿಡುವುದೆಂದು ಗಂಟೆಗಟ್ಟಲೆ ವಾದ ಮಾಡಿದೆವು. ಕೊನೆಗೆ ಹಗ್ಗದ ಮೇಲೆಯೇ, ಸೀರೆ ಮತ್ತು ಬುರ್ಖಾದ ನಡುವೆ ತೂಗುಹಾಕಿದೆವು. ಹೆಚ್ಚಿನ ಜನ ನಿಂತದ್ದು ಅಲ್ಲಿಯೇ.

ಯಾವುದಕ್ಕೂ ಹೆಸರು ಕಟ್ಟಲಿಲ್ಲ. ಅತ್ಯಾಚಾರ ಸಂತ್ರಸ್ತರ ಗುರುತು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್‌ನಂತೆ ಅಪರಾಧ. ಕಾನೂನು ಇರದಿದ್ದರೂ ಕಟ್ಟುತ್ತಿರಲಿಲ್ಲ. ಕಥೆ ಹೇಳಿದರೆ ಮಾತ್ರ ಬಟ್ಟೆ ಎಂಬ ಷರತ್ತೂ ಇರಲಿಲ್ಲ. ಹೇಳಲೇಬೇಕು ಎಂದು ಬಂದವರಿಗಾಗಿ ಮೂಲೆಯಲ್ಲಿ ಎರಡು ಕುರ್ಚಿ ಹಾಕಿದ್ದೆವು. ಅಲ್ಲಿ ಸರದಿಯಂತೆ ಕುಳಿತು, “ಆಮೇಲೆ?” ಎಂದೂ ಕೇಳದೆ ಕೇಳಿಸಿಕೊಂಡ ಆರು ಮಂದಿ ಗೆಳತಿಯರೇ, ರಾತ್ರಿ ನಿಮಗೆ ನಿದ್ದೆ ಬಂದಿರಲಿಕ್ಕಿಲ್ಲ. ನನಗೆ ಗೊತ್ತಿದೆ.

ಬಟ್ಟೆಗಳನ್ನು ಈ ವಾರ ತಲುಪಿಸುತ್ತೇನೆ. ಬೇಡವೆಂದವರವು ನಮ್ಮಲ್ಲೇ ಇರುತ್ತವೆ. ಬೋಗುಣಿಯನ್ನು ನಾಳೆ ಬೆಳಿಗ್ಗೆಯೇ ಕೊಡಬೇಕು. ದೋಸೆ ಹಿಟ್ಟಿಗೆ ಅದೇ ಸರಿಯಾದ ಅಳತೆಯೆಂದು ಅವರು ಆಗಲೇ ಎರಡು ಬಾರಿ ಫೋನ್ ಮಾಡಿದ್ದಾರೆ.