ತರಗತಿ ಬಿಡದೆಯೂ ಬಡ್ತಿ ಸಿಗಲಿ

ಮಾನ್ಯ ಸಂಪಾದಕರೇ,

ಗದಗ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ 22 ವರ್ಷ ವಿಜ್ಞಾನ ಕಲಿಸಿದ ಗುರುಗಳೊಬ್ಬರು ಕಳೆದ ವರ್ಷ ಮುಖ್ಯ ಶಿಕ್ಷಕರಾಗಿ ಬಡ್ತಿ ಪಡೆದು ಬೇರೆ ಊರಿಗೆ ಹೋದರು. ನನ್ನ ಮಗಳು ಅವರ ಕೈಯಲ್ಲಿ ಕಲಿತವಳು. ಬಡ್ತಿ ಅವರಿಗೆ ಸಲ್ಲಬೇಕಾದದ್ದೇ. ಆದರೆ ಅದರಿಂದ ಮಕ್ಕಳು ಕಳೆದುಕೊಂಡದ್ದೇನು ಎಂಬುದನ್ನು ಶಿಕ್ಷಣ ಇಲಾಖೆಯ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ಗದಗಿನಲ್ಲಿ ವರ್ಷಕ್ಕೆ ಎರಡು ಸಲ, ಮೇ 2ರ ಸುಮಾರಿಗೆ ಮತ್ತು ಆಗಸ್ಟ್ 10-11ರ ಸುಮಾರಿಗೆ, ಸೂರ್ಯ ನೇರ ನೆತ್ತಿಯ ಮೇಲೆ ಬರುವುದರಿಂದ ನೆಟ್ಟಗೆ ನಿಂತ ಕಂಬಕ್ಕೆ ಸ್ವಲ್ಪ ಹೊತ್ತು ನೆರಳೇ ಇರುವುದಿಲ್ಲ. ಮೇ ತಿಂಗಳಲ್ಲಿ ಶಾಲೆಗೆ ರಜೆ, ಆಗಸ್ಟ್‌ನಲ್ಲಿ ಮೋಡ. ಆದ್ದರಿಂದ ಗುರುಗಳು ಆ ವಾರವಿಡೀ ಅಂಗಳದಲ್ಲಿ ಮೊಳದುದ್ದದ ಪೈಪ್ ತುಂಡೊಂದನ್ನು ನಿಲ್ಲಿಸಿ, ಗೌಂಡಿಗಳ ತೂಗುಗುಂಡು ಹಿಡಿದು ಅದು ನೆಟ್ಟಗಿದೆಯೇ ಎಂದು ಮಕ್ಕಳಿಂದಲೇ ನೋಡಿಸಿ, ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿಸುತ್ತಿದ್ದರು. ಒಂದು ವರ್ಷ ಮೋಡ ಸರಿದಾಗ ನೆರಳು ಪೈಪಿನ ಬುಡದಲ್ಲಿ ಅಡಗಿದ್ದು 12 ಗಂಟೆಗಲ್ಲ, 12.33ರ ಹೊತ್ತಿಗೆ. ‘ಗಡಿಯಾರ ತಪ್ಪೋ, ಸೂರ್ಯ ತಪ್ಪೋ?’ ಎಂದಷ್ಟೇ ಕೇಳಿ ಅವರು ಸುಮ್ಮನಾದರಂತೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ, ಗದಗ ಅದಕ್ಕಿಂತ ಸುಮಾರು 7 ಡಿಗ್ರಿ ಪಶ್ಚಿಮಕ್ಕಿದೆ, ಡಿಗ್ರಿಗೆ 4 ನಿಮಿಷ ಎಂಬುದನ್ನು ಭೂಪಟ ಹರಡಿಕೊಂಡು ಮಕ್ಕಳು ತಾವೇ ಕಂಡುಕೊಳ್ಳಲು ಎರಡು ದಿನ ಬೇಕಾಯಿತು. ಉಳಿದ ಐದಾರು ನಿಮಿಷಕ್ಕೆ ಭೂಮಿಯ ಕಕ್ಷೆ ಮತ್ತು ಅಕ್ಷದ ಓರೆ ಕಾರಣವೆಂಬ ಪಾಠವನ್ನು ಅವರು ಮುಂದಿನ ವರ್ಷಕ್ಕೆ ಉಳಿಸಿಕೊಂಡರು. ಆ ರಾತ್ರಿ ಊಟಕ್ಕೆ ಕುಳಿತಾಗ ಮಗಳು ನನಗೆ ಲೋಟ ಮತ್ತು ಕಡ್ಡಿ ಹಿಡಿದು ಇದನ್ನೆಲ್ಲ ವಿವರಿಸಿದ್ದು ಇನ್ನೂ ನೆನಪಿದೆ.

ಚಳಿಗಾಲದಲ್ಲಿ ಅವರು ಮಕ್ಕಳನ್ನು ಮಾಗಡಿ ಕೆರೆಗೂ ಕರೆದೊಯ್ಯುತ್ತಿದ್ದರು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳ ಒಂದು ಸಣ್ಣ ಗುಂಪನ್ನು ಎಣಿಸಿ ಇಡೀ ಹಿಂಡನ್ನು ಅಂದಾಜಿಸುವುದನ್ನು ಮಕ್ಕಳು ಕಲಿತದ್ದು ಅಲ್ಲಿಯೇ.

ಇಂದು ಆ ಗುರುಗಳ ದಿನ ಬಿಸಿಯೂಟದ ಲೆಕ್ಕ, ಸಮವಸ್ತ್ರದ ಹಂಚಿಕೆ, ಆನ್‌ಲೈನ್ ಮಾಹಿತಿ ತುಂಬುವುದರಲ್ಲಿ ಕಳೆಯುತ್ತಿದೆ. ಹಳೆಯ ಶಾಲೆಯಲ್ಲಿ ಅವರ ಜಾಗ ಖಾಲಿಯಿದೆ; ಭಾಷಾ ಶಿಕ್ಷಕಿಯೊಬ್ಬರು ಪಾಪ, ತಮ್ಮ ಪಾಠದ ಜೊತೆಗೆ ವಿಜ್ಞಾನವನ್ನೂ ನಿಭಾಯಿಸುತ್ತಿದ್ದಾರೆ. ಮುಖ್ಯ ಶಿಕ್ಷಕ ಹುದ್ದೆಯಾಗಲಿ, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ ಹೊಣೆಯಾಗಲಿ, ಚೆನ್ನಾಗಿ ಕಲಿಸುವವರನ್ನು ಕಲಿಸುವ ಕೋಣೆಯಿಂದಲೇ ಹೊರಗೆ ಒಯ್ಯುತ್ತದೆ. ಇಂಥವರು ಬಯಸಿದರೆ 6ರಿಂದ 8ನೇ ತರಗತಿಯಲ್ಲೇ ಉಳಿದು, ಮುಖ್ಯ ಶಿಕ್ಷಕರಿಗೆ ಸಮನಾದ ವೇತನ ಶ್ರೇಣಿ ಮತ್ತು ಗೌರವ ಪಡೆಯುವಂಥ ಹುದ್ದೆಯೊಂದನ್ನು ಇಲಾಖೆ ಸೃಷ್ಟಿಸಬೇಕು. ಸುತ್ತಲಿನ ಶಾಲೆಗಳ ಹೊಸ ಶಿಕ್ಷಕರು ವಾರಕ್ಕೊಂದು ದಿನ ಅವರ ತರಗತಿಯಲ್ಲಿ ಕುಳಿತು ಕಲಿಯಲು ಅವಕಾಶವಿರಬೇಕು.

ನನ್ನ ಮಗ ಇದೇ ಜೂನ್‌ನಲ್ಲಿ 6ನೇ ತರಗತಿಗೆ ಕಾಲಿಡುತ್ತಾನೆ. ಅಕ್ಕ ಹೇಳಿದ ಆ ಪೈಪ್ ಶಾಲೆಯ ಸಾಮಾನಿನ ಕೋಣೆಯಲ್ಲಿ ಇನ್ನೂ ಇದೆಯಂತೆ. ಆಗಸ್ಟ್ ಒಳಗಾದರೂ ಖಾಲಿ ಜಾಗಕ್ಕೆ ವಿಜ್ಞಾನ ಶಿಕ್ಷಕರನ್ನು ಕಳುಹಿಸಿಕೊಡಬೇಕೆಂದು ಜಿಲ್ಲಾ ಉಪನಿರ್ದೇಶಕರಲ್ಲಿ ನನ್ನ ವಿನಂತಿ.

– ಒಬ್ಬ ಪಾಲಕ, ಗದಗ