ಸಂದರ್ಶನದ ಉಡುಪಿಗೆ ಎರಡು ಪಟ್ಟಿ ಏಕೆ?

ಮಾನ್ಯ ಸಂಪಾದಕರೇ,

ಎಂಬಿಎ ಮುಂತಾದ ಸ್ನಾತಕೋತ್ತರ ಕೋರ್ಸುಗಳ ಪ್ರವೇಶ ಸಂದರ್ಶನದ ಕರೆಪತ್ರದಲ್ಲಿ ‘ಹುಡುಗರು ಫಾರ್ಮಲ್ ಷರ್ಟು, ಪ್ಯಾಂಟು, ಟೈ, ಹುಡುಗಿಯರು ಸೀರೆ ಅಥವಾ ಚೂಡಿದಾರ್’ ಎಂಬ ಸೂಚನೆಯನ್ನು ಕೆಲವು ಕಾಲೇಜುಗಳು ಇಂದಿಗೂ ಕೊಡುತ್ತಿವೆ. ಬಹುತೇಕರು ಅದನ್ನು ಓದಿ ಮರೆಯುತ್ತಾರೆ. ಆದರೆ ಕೂದಲು ಗಿಡ್ಡವಾಗಿ ಕತ್ತರಿಸಿಕೊಂಡು ಪದವಿ ಮುಗಿಯುವವರೆಗೂ ಪ್ಯಾಂಟು ಷರ್ಟಿನಲ್ಲೇ ಓಡಾಡಿದ ಹುಡುಗಿಗೆ, ಇಲ್ಲವೇ ಮಾರ್ಕ್ಸ್ ಕಾರ್ಡಿನಲ್ಲಿ ಗಂಡೆಂದು ನಮೂದಾಗಿದ್ದು ಹೆಣ್ಣಾಗಿ ಬದುಕುತ್ತಿರುವ ಅಭ್ಯರ್ಥಿಗೆ, ಓದಿಕೊಳ್ಳಬೇಕಾದ ದಿನಗಳೆಲ್ಲ ಏನು ತೊಡಬೇಕೆಂಬ ಚಿಂತೆಯಲ್ಲೇ ಕಳೆಯುತ್ತವೆ.

ನನ್ನ ಅಕ್ಕನ ಮಗಳು ಬ್ಲೇಜರ್ ಹುಡುಕುತ್ತಾ ಅಂಗಡಿ ಅಂಗಡಿ ತಿರುಗಿದಾಗ ನಾನೂ ಜೊತೆಗಿದ್ದೆ. ಮಹಿಳೆಯರ ವಿಭಾಗದಲ್ಲಿದ್ದವಕ್ಕೆಲ್ಲ ಸೊಂಟದ ಬಳಿ ಬಿಗಿ ಹೊಲಿಗೆ. ಪುರುಷರದ್ದು ತೊಟ್ಟರೆ ಭುಜ ಇಳಿಬಿದ್ದು, ತೋಳು ಬೆರಳ ತುದಿಗೆ ಬರುತ್ತಿತ್ತು. ಕೊನೆಗೆ ಟೈಲರ್ ಬಳಿ ಹೋದರೆ, “ಹೆಣ್ಮಕ್ಕಳಿಗಲ್ವಾ, ಸೊಂಟ ಸ್ವಲ್ಪ ಹಿಡಿಸೋಣ ಮೇಡಂ” ಎಂದರು. “ಬೇಡ ಅಣ್ಣ, ನೇರವಾಗೇ ಇರಲಿ” ಎಂದಳು ಅವಳು, ಮತ್ತೇನೂ ಕೇಳದೆ ಅಳತೆ ತೆಗೆದುಕೊಂಡರು. ಆ ಟೈಲರ್‌ಗಿದ್ದ ತಿಳಿವಳಿಕೆ ಸಂದರ್ಶಕರಿಗಿರಲಿಲ್ಲ. ವಾಣಿಜ್ಯದಲ್ಲಿ ಒಳ್ಳೆಯ ಅಂಕ ಪಡೆದಿದ್ದವಳಿಗೆ ಅವರು ಕೇಳಿದ ಮೊದಲ ಪ್ರಶ್ನೆಯೇ ‘ಯಾಕಮ್ಮ ಈ ವೇಷ?’ ಎಂಬುದು.

ಲಿಂಗ ಗುರುತಿನ ಅಭಿವ್ಯಕ್ತಿಯಲ್ಲಿ ಉಡುಪೂ ಸೇರಿದೆಯೆಂದು, ಅದಕ್ಕೆ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ ನೀಡುವ ಸಂವಿಧಾನದ 19(1)(ಎ) ವಿಧಿಯ ರಕ್ಷಣೆಯಿದೆಯೆಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ‘ನಾಲ್ಸಾ’ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲೇ ಹೇಳಿದೆ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಗೆಂದು 2019ರಲ್ಲಿ ಬಂದ ಕಾಯ್ದೆಯ 3ನೇ ಸೆಕ್ಷನ್ ಶಿಕ್ಷಣ ಸಂಸ್ಥೆಗಳಲ್ಲಿ ತಾರತಮ್ಯವನ್ನು ನಿಷೇಧಿಸಿದೆ. ಇಷ್ಟಾದರೂ ಕಾಲೇಜುಗಳ ಕರೆಪತ್ರದ ಭಾಷೆ ಬದಲಾಗಿಲ್ಲ. ಖಾಕಿ ಪ್ಯಾಂಟು ಷರ್ಟು ತೊಟ್ಟ ಮಹಿಳಾ ಪೊಲೀಸರನ್ನು ಕಂಡರೆ ಯಾರೂ ಹುಬ್ಬೇರಿಸುವುದಿಲ್ಲ; ಅದೇ ಉಡುಪು ಸಂದರ್ಶನದ ಕೊಠಡಿಗೆ ಬಂದಾಗ ಮಾತ್ರ ‘ವೇಷ’ವಾಗುವುದು ವಿಚಿತ್ರ.

ಸಂದರ್ಶನಕ್ಕೆ ಶಿಸ್ತಿನ ಉಡುಪು ಬೇಡವೆಂದು ನಾನು ಹೇಳುತ್ತಿಲ್ಲ. ಅಭ್ಯರ್ಥಿಯ ಬಟ್ಟೆ ಶುಭ್ರವಾಗಿರಬೇಕು, ಇಸ್ತ್ರಿಯಾಗಿರಬೇಕು, ಮೈಗೆ ಸರಿಹೊಂದಬೇಕು ಎಂದು ಬಯಸುವ ಹಕ್ಕು ಸಂಸ್ಥೆಗಿದೆ. ಗಂಡು ಹೆಣ್ಣೆಂಬ ಎರಡು ಪಟ್ಟಿಗಳ ಬದಲು ಇಷ್ಟನ್ನೇ ಒಂದು ಸಾಲಿನಲ್ಲಿ ಬರೆದರೆ ಸಾಕು. ವಿಶ್ವವಿದ್ಯಾಲಯಗಳು ಮುಂದಿನ ಸಾಲಿನ ಪ್ರವೇಶ ಪ್ರಕಟಣೆಗೆ ಮೊದಲೇ ತಮ್ಮ ಅಧೀನ ಕಾಲೇಜುಗಳಿಗೆ ಈ ಬಗ್ಗೆ ಸುತ್ತೋಲೆ ಕಳುಹಿಸಬೇಕು, ಮತ್ತು ಅಭ್ಯರ್ಥಿಯ ಉಡುಪಿನ ಕುರಿತು ಸಂದರ್ಶಕರು ಪ್ರಶ್ನಿಸುವಂತಿಲ್ಲ ಎಂಬುದನ್ನು ಅದರಲ್ಲಿ ಸ್ಪಷ್ಟವಾಗಿ ಸೇರಿಸಬೇಕು.

– ನಿವೃತ್ತ ಪ್ರಾಧ್ಯಾಪಕಿ, ಮೈಸೂರು