‘ಏನೂ ಬೇಡ’ ಅಂತ ಬರೆದ ಪುಟ್ಟಿಗೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬುಧವಾರ ಕೈಸೇರಿತು. ಕೆಲಸ, ರೂಮು, ಹಬ್ಬಕ್ಕೆ ರಜೆ ಸಿಗದ್ದು, ಇದೆಲ್ಲ ನಿಮ್ಮಮ್ಮ ಹೇಳಿದ್ದಳು, ಅದರ ಮಾತು ಬೇಡ. ಮೂರನೇ ಪುಟದ ಕೊನೆಯಲ್ಲಿ, ಜಾಗ ಸಾಲದೆ ಅಂಚಿಗೆ ಒತ್ತಿ ಬರೆದಿದ್ದೀಯಲ್ಲ: “ದೇವರ ಮುಂದೆ ಕೂತರೂ ಏನೂ ಆಗಲ್ಲ ದೊಡ್ಡಮ್ಮ. ಏನೂ ಬೇಡ ಅನ್ನಿಸುತ್ತೆ. ಇದೇನಾ ವೈರಾಗ್ಯ ಅಂದ್ರೆ?” ಆ ಸಾಲನ್ನು ಎಷ್ಟು ಸಲ ಓದಿದೆನೋ. ಮೂರು ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ.

ಅಲ್ಲ ಕಣೇ. ಇದು ವೈರಾಗ್ಯ ಅಂತ ನನಗೆ ಅನ್ನಿಸುತ್ತಿಲ್ಲ.

ವೈರಾಗ್ಯಕ್ಕೆ ಯೋಗಸೂತ್ರ ಬರೆದ ಪತಂಜಲಿ ಕೊಟ್ಟ ಹೆಸರು ‘ವಶೀಕಾರ’. ಲಗಾಮು ಕೈಯಲ್ಲಿರುವುದು. ವಿರಾಗಿಯ ಎಲೆಗೆ ಹೋಳಿಗೆ ಬಡಿಸಿದರೆ ಅದು ಸಿಹಿಯಾಗಿಯೇ ಇರುತ್ತೆ; ಎರಡನೆಯದು ಬರಲಿಲ್ಲ ಅಂತ ಅವನಿಗೆ ಬೇಸರವಿಲ್ಲ, ಅಷ್ಟೇ. ನಿನಗೆ ಮೊದಲನೆಯದೇ ಸಪ್ಪೆ. ವೈರಾಗ್ಯದಲ್ಲಿ ಆಸೆಯ ಜೊತೆಗೆ ದ್ವೇಷವೂ ಹೋಗಿರಬೇಕು, ತನ್ನ ಮೇಲಿನ ದ್ವೇಷವೂ ಸೇರಿ. ನೀನೋ ಅದೇ ಪುಟದಲ್ಲಿ “ನಾನು ಯಾವುದಕ್ಕೂ ಲಾಯಕ್ಕಿಲ್ಲ” ಅಂತ ಎರಡು ಸಲ ಬರೆದಿದ್ದೀಯ. ರಾಗದ್ವೇಷ ಕಳೆದವನಿಗೆ ‘ಪ್ರಸಾದ’ ಸಿಗುತ್ತೆ ಅನ್ನುತ್ತೆ ಗೀತೆಯ ಎರಡನೇ ಅಧ್ಯಾಯ. ಪ್ರಸಾದ ಅಂದರೆ ಮನಸ್ಸು ತಿಳಿಯಾಗುವುದು, ಹಗುರಾಗುವುದು. ಬೆಳಿಗ್ಗೆ ಎದ್ದಾಗ ಎದೆಯ ಮೇಲೆ ಕಲ್ಲು ಇಟ್ಟ ಹಾಗಿರುತ್ತೆ ಅಂತ ನೀನು ಬರೆದಿರುವುದಕ್ಕೂ ಅದಕ್ಕೂ ಎಲ್ಲಿಂದೆಲ್ಲಿಗೆ? ಗೆಳತಿಯ ನಿಶ್ಚಿತಾರ್ಥದಲ್ಲಿ ಎಲ್ಲರೂ ನಗುತ್ತಿದ್ದರೆ ಗಾಜಿನಾಚೆಯಿಂದ ನೋಡಿದ ಹಾಗಿತ್ತು ಅಂದಿದ್ದೀಯ. ಮನಸ್ಸು ನಿಜವಾಗಿ ತಿಳಿಯಾದಾಗ ಇನ್ನೊಬ್ಬರ ಸಂತೋಷ ಹತ್ತಿರ ಬರುತ್ತೆ. ಮೈತ್ರಿ, ಕರುಣೆ, ಮುದಿತ, ಉಪೇಕ್ಷೆ ಅಂತ ನಾಲ್ಕು ಹೇಳುತ್ತಾರಲ್ಲ, ಅದರಲ್ಲಿ ಮುದಿತ ಅಂದರೆ ಅದೇ.

‘ಏನೂ ಬೇಡ’ ಅಂತ ಮೊದಲು ಹೇಳಿದವಳು ನೀನಲ್ಲ. ಅರ್ಜುನನೂ ಅದನ್ನೇ ಹೇಳಿದ. ವಿಜಯ ಬೇಡ, ರಾಜ್ಯ ಬೇಡ, ಸುಖ ಬೇಡ. ಭಿಕ್ಷೆ ಬೇಡಿ ತಿಂದರೂ ಆದೀತು ಅಂದ. ಕೇಳಿದವರಿಗೆ ಸಂನ್ಯಾಸಿಯ ಮಾತು ಅನ್ನಿಸಬೇಕು. ಆದರೆ ಅದರ ಹಿಂದಿನ ಶ್ಲೋಕಗಳಲ್ಲಿ ಅವನ ಮೈ ಏನು ಹೇಳುತ್ತಿದೆ ನೋಡು: ಕೈಕಾಲು ಸೋಲುತ್ತಿವೆ, ಬಾಯಿ ಒಣಗಿದೆ, ಮೈ ನಡುಗುತ್ತಿದೆ, ಚರ್ಮ ಉರಿಯುತ್ತಿದೆ, ಬಿಲ್ಲು ಜಾರುತ್ತಿದೆ, ತಲೆ ಸುತ್ತಿದ ಹಾಗಾಗುತ್ತಿದೆ. ಗೀತೆಯ ಆ ಮೊದಲ ಅಧ್ಯಾಯದ ಹೆಸರಿನಲ್ಲಿ ವಿಷಾದ ಅಂತಲೇ ಇದೆ, ವೈರಾಗ್ಯ ಅಂತಿಲ್ಲ. ಕೃಷ್ಣನೂ ಅದನ್ನು ವೈರಾಗ್ಯ ಅಂತ ಒಪ್ಪಲಿಲ್ಲ.

ಇನ್ನೊಂದು ವಿಷಯವನ್ನು ನಮ್ಮಲ್ಲಿ ಯಾರೂ ಅಷ್ಟು ಗಮನಿಸುವುದಿಲ್ಲ. ಕೃಷ್ಣ ಮೊದಲು ಗದರಿದ. ಇದು ಹೃದಯದ ದುರ್ಬಲತೆ, ಬಿಟ್ಟು ಏಳು ಅಂದ. ಅದು ಎರಡನೇ ಅಧ್ಯಾಯದ ಮೂರನೇ ಶ್ಲೋಕ. ಕೆಲಸ ಮಾಡಲಿಲ್ಲ. ಒಂಬತ್ತನೇ ಶ್ಲೋಕಕ್ಕೆ ಬರುವಷ್ಟರಲ್ಲಿ ಅರ್ಜುನ ಯುದ್ಧ ಮಾಡಲ್ಲ ಅಂತ ಹೇಳಿ ಸುಮ್ಮನೆ ಕೂತುಬಿಟ್ಟಿದ್ದಾನೆ. ಆಮೇಲೇ ಕೃಷ್ಣ ನಿಧಾನವಾಗಿ ಮಾತಿಗೆ ತೊಡಗಿದ್ದು, ಹದಿನೆಂಟನೇ ಅಧ್ಯಾಯದವರೆಗೂ ಬಿಡದೆ. ಆದ್ದರಿಂದ “ಧೈರ್ಯ ತಗೋ, ಇಷ್ಟಕ್ಕೆಲ್ಲ ಹೀಗಾದರೆ ಹೇಗೆ” ಅಂತ ಮನೆಯಲ್ಲಿ ಯಾರಾದರೂ ಅಂದರೆ, ಅಂದೇ ಅನ್ನುತ್ತಾರೆ, ನಿನಗೆ ಧೈರ್ಯ ಬರಲಿಲ್ಲ ಅಂತ ನಿನ್ನನ್ನು ಹಳಿದುಕೊಳ್ಳಬೇಡ. ಆ ಮದ್ದು ಅರ್ಜುನನಿಗೂ ಹತ್ತಲಿಲ್ಲ.

ತಪ್ಪು ನನ್ನದೂ ಇದೆ. ಕಣ್ಣು ಮುಚ್ಚಿ ಅರ್ಧ ಗಂಟೆ ಕೂತು ಮನಸ್ಸಿನಲ್ಲೇ ಜಪ ಮಾಡು, ಎಲ್ಲ ಸರಿಹೋಗುತ್ತೆ ಅಂತ ನಿನಗೆ ಹೇಳಿಕೊಟ್ಟವಳು ನಾನೇ. ನಾನೂ ಎಷ್ಟೋ ವರ್ಷ ಮನಸ್ಸಿನ ಜೊತೆ ಗುದ್ದಾಡುವುದನ್ನೇ ಧ್ಯಾನ ಅಂದುಕೊಂಡಿದ್ದೆ. ಮನಸ್ಸು ಕುಗ್ಗಿದವರಿಗೆ ಅದು ತಿರುಗುಬಾಣವಾಗಬಹುದು ಅಂತ ನನಗೆ ತಿಳಿದದ್ದು ತಡವಾಗಿ. ಕಣ್ಣು ಮುಚ್ಚಿದ ಕೂಡಲೇ ಹಳೇ ಮಾತು, ಹಳೇ ಅವಮಾನ ಸಾಲುಗಟ್ಟಿ ಬರುತ್ತವೆ. ಓಡಿಸಲು ಹೋದಷ್ಟೂ ಜಾಸ್ತಿ. 1987ರಲ್ಲಿ ಡೇನಿಯಲ್ ವೆಗ್ನರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷೆ ಮಾಡಿ ತೋರಿಸಿದರು. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರು. ಜನ ಬಾರಿಸುತ್ತಲೇ ಹೋದರು. ಗೀತೆಯ ಆರನೇ ಅಧ್ಯಾಯದಲ್ಲಿ ಓಡಿಸು ಅಂತ ಇಲ್ಲ. ಮನಸ್ಸು ಎಲ್ಲೆಲ್ಲಿ ಹೋಗುತ್ತೋ ಅಲ್ಲಲ್ಲಿಂದ ವಾಪಸು ಕರೆದುಕೊಂಡು ಬಾ ಅಂತಿದೆ. ನಾನು ಹೇಳಿಕೊಟ್ಟಾಗ ಆ ‘ವಾಪಸು’ ಅನ್ನುವ ಮಾತನ್ನೇ ಬಿಟ್ಟಿದ್ದೆ. ಹತ್ತು ಸಲ ಹೋದರೆ ಹತ್ತು ಸಲ ಕರೆದು ತರುವುದೇ ಅಭ್ಯಾಸ. ಹೋಗಿದ್ದು ಸೋಲಲ್ಲ.

ಅದಕ್ಕೆ ಸದ್ಯಕ್ಕೆ ಆ ಅರ್ಧ ಗಂಟೆ ಬಿಟ್ಟುಬಿಡು. ದೇವರು ಕೋಪಿಸಿಕೊಳ್ಳಲ್ಲ. ಮಾಡಲೇಬೇಕು ಅನ್ನಿಸಿದರೆ ಹೀಗೆ ಮಾಡಿ ನೋಡು. ಕಣ್ಣು ತೆರೆದು ದೀಪ ನೋಡುತ್ತಾ, ನಿನ್ನ ಕಿವಿಗೆ ಕೇಳುವಷ್ಟು ಬಾಯಿಬಿಟ್ಟು ನಾಮ ಹೇಳು. ಮಾನಸ ಜಪವೇ ಶ್ರೇಷ್ಠ ಅಂತ ಓದಿರುತ್ತೀಯ, ಆದರೆ ಮಂಕಾದ ಮನಸ್ಸಿಗೆ ವಾಚಿಕವೇ ಹಿಡಿತ ಕೊಡುತ್ತೆ. ನಾಲ್ಕು ಎಣಿಸುವಷ್ಟು ಉಸಿರು ತಗೋ, ಆರು ಎಣಿಸುವಷ್ಟು ಹೊತ್ತು ಬಿಡುತ್ತಾ ನಾಮ ಹೇಳು. ಉಸಿರಿಗೆ ಒಂದು ಮಣಿ. ನಿಮಿಷಕ್ಕೆ ಆರು ಆಗುತ್ತೆ, ಪೂರ್ತಿ 108 ಮಣಿಗೆ 18 ನಿಮಿಷ. ನೀನು 27ಕ್ಕೆ ನಿಲ್ಲಿಸು, ನಾಲ್ಕೂವರೆ ನಿಮಿಷ ಸಾಕು. ಉಸಿರನ್ನು ತುಂಬಾ ಆಳಕ್ಕೆ ಎಳೆದರೆ ತಲೆ ಹಗುರಾಗಿ ಬೆರಳ ತುದಿ ಜುಮ್ಮೆನ್ನುತ್ತೆ. ಹಾಗಾದರೆ ನಿಲ್ಲಿಸಿ ಮಾಮೂಲಿಯಾಗಿ ಉಸಿರಾಡು. ಉಸಿರು ಹಿಡಿದು ನಿಲ್ಲಿಸುವುದು, ಜೋರಾಗಿ ಉಸಿರು ಎಳೆದು ಬಿಡುವ ಭಸ್ತ್ರಿಕಾ ಇವೆಲ್ಲ ಈಗ ಬೇಡ. ಅಳು ಬಂದರೆ ಅಳು, ಎದ್ದು ಮುಖ ತೊಳೆದುಕೋ.

ಮತ್ತೆ ಅದೇ ಸಾಲಿಗೆ ಬರುತ್ತೇನೆ, ಕ್ಷಮಿಸು. ‘ಏನೂ ಬೇಡ’ ಅಂದಿದ್ದರಲ್ಲಿ ‘ಬದುಕೂ ಬೇಡ’ ಅನ್ನುವುದು ಸೇರಿದೆಯಾ ಪುಟ್ಟಿ? ನೇರವಾಗಿ ಕೇಳುತ್ತಿದ್ದೇನೆ. ಹೀಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇದ್ದರೆ ಹೇಳಿಕೊಳ್ಳಲು ಬಾಗಿಲು ತೆರೆದ ಹಾಗಾಗುತ್ತೆ. ಹೌದು ಅಂತಾದರೆ ಈ ಕಾಗದ ಪಕ್ಕಕ್ಕಿಟ್ಟು ಈಗಲೇ ಫೋನ್ ಮಾಡು, ರಾತ್ರಿ ಎರಡು ಗಂಟೆಯಾದರೂ ಸರಿ. ನನಗೆ ಹೇಳಲು ಆಗದಿದ್ದರೆ 14416ಕ್ಕೆ ಮಾಡು. ಅದು ಸರ್ಕಾರದ ಟೆಲಿ ಮಾನಸ್, 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಆ ಹೊತ್ತು ರೂಮಿನಲ್ಲಿ ಒಬ್ಬಳೇ ಇರಬೇಡ, ಪಕ್ಕದ ರೂಮಿನವರ ಬಾಗಿಲು ತಟ್ಟು.

ಇಲ್ಲ ಅಂತಾದರೂ ಡಾಕ್ಟರ ಹತ್ತಿರ ಹೋಗುವುದು ಹೋಗಲೇಬೇಕು. ಕಾಗದ ಓದಿ ರೋಗದ ಹೆಸರು ಹೇಳಲು ನಾನು ಯಾರು? ಆದರೆ ಮನೋವೈದ್ಯರು ಇಟ್ಟುಕೊಂಡ ಅಳತೆ ನನಗೆ ಗೊತ್ತು. ಎರಡು ವಾರ, ಹೆಚ್ಚುಕಡಿಮೆ ದಿನಾ, ದಿನದ ಬಹುಪಾಲು ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು. ಜೊತೆಗೆ ನಿದ್ದೆ, ಹಸಿವು ಏರುಪೇರು, ಸುಸ್ತು, ಗಮನ ನಿಲ್ಲದಿರುವುದು, ಮಾತು ನಡಿಗೆ ನಿಧಾನವಾಗುವುದು ಅಥವಾ ಚಡಪಡಿಕೆ, ತಾನು ನಿಷ್ಪ್ರಯೋಜಕಿ ಅನ್ನಿಸುವುದು, ಸಾವಿನ ಯೋಚನೆ. ಈ ಒಂಬತ್ತರಲ್ಲಿ ಐದಿದ್ದರೆ ಖಿನ್ನತೆ ಅಂತ ನೋಡುತ್ತಾರೆ. ನೀನು ದೀಪಾವಳಿಯಿಂದ ಹೀಗೆ ಅಂದಿದ್ದೀಯ. ಎರಡು ವಾರ ಯಾವತ್ತೋ ದಾಟಿಹೋಯಿತಲ್ಲಮ್ಮ.

ಡಾಕ್ಟರ ಹತ್ತಿರ ಹೋದರೆ ಭಕ್ತಿ ಸೋತ ಹಾಗೆ ಅಂತ ಅಂದುಕೊಳ್ಳುತ್ತೀಯೇನೋ ಅಂತಲೇ ನನ್ನ ಭಯ. ಯೋಗಸೂತ್ರದಲ್ಲಿ ಒಂಬತ್ತು ಅಂತರಾಯಗಳ ಪಟ್ಟಿ ಇದೆ, ದಾರಿಯಲ್ಲಿ ಅಡ್ಡ ಬರುವಂಥವು. ಮೊದಲನೆಯದೇ ವ್ಯಾಧಿ. ಎರಡನೆಯದು ಸ್ತ್ಯಾನ, ಮನಸ್ಸು ಹೆಪ್ಪುಗಟ್ಟಿದ ಹಾಗಾಗುವುದು. ಅವುಗಳ ಜೊತೆಗೆ ಬರುವ ನಾಲ್ಕರಲ್ಲಿ ದುಃಖ, ದೌರ್ಮನಸ್ಯದ ಪಕ್ಕದಲ್ಲೇ ಮೈ ನಡುಕ, ಉಸಿರಿನ ಏರುಪೇರು. ಇವುಗಳಲ್ಲಿ ಒಂದನ್ನೂ ಪತಂಜಲಿ ಪಾಪ ಅನ್ನಲಿಲ್ಲ. ರೋಗ ಹೆಚ್ಚಿಸುವವುಗಳಲ್ಲಿ ವಿಷಾದವೇ ಮುಂದು ಅಂತ ಆಯುರ್ವೇದದ ಚರಕರು ಬರೆದರು. ಹಾಗಿರುವಾಗ ಮೈಯನ್ನು ಮೊದಲು ನೋಡಿಸುವುದರಲ್ಲಿ ಅಧರ್ಮ ಏನಿದೆ? ರಕ್ತಪರೀಕ್ಷೆಯಲ್ಲಿ ಥೈರಾಯ್ಡಿನ ಟಿಎಸ್‌ಎಚ್, ಬಿ12, ಹಿಮೋಗ್ಲೋಬಿನ್ ಮೂರನ್ನೂ ನೋಡಲು ಕೇಳು. ಥೈರಾಯ್ಡ್ ಕಡಿಮೆಯಾದರೂ ಹೀಗೇ ಮಂಕು ಕವಿಯುತ್ತೆ, ಮತ್ತು ನಮ್ಮಂಥ ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆ ಇರುವುದು ತೀರಾ ಸಾಮಾನ್ಯ. ಮಾತ್ರೆ ಕೊಟ್ಟರೆ ಗುಣ ಕಾಣಲು ಎರಡರಿಂದ ಆರು ವಾರ ಹಿಡಿಯುತ್ತೆ, ಆದರೆ ಹೊಟ್ಟೆ ತೊಳಸುವುದು, ನಿದ್ದೆ ಕೆಡುವುದು ಮೊದಲ ವಾರದಲ್ಲೇ ಬರಬಹುದು. ಇಲ್ಲೇ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಆರಾಮಾದ ಕೂಡಲೇ ತಾವೇ ನಿಲ್ಲಿಸಿ ಮತ್ತೆ ಕುಸಿಯುತ್ತಾರೆ. ಎರಡೂ ಬೇಡ, ಕೇಳದೆ ನಿಲ್ಲಿಸಬೇಡ. ಮಾತ್ರೆ ಬೇಡವೇ ಬೇಡ ಅನ್ನಿಸಿದರೆ ಮಾತಿನ ಚಿಕಿತ್ಸೆಯ ಬಗ್ಗೆ ಕೇಳು. ನೀನಿರುವ ಊರಿನಲ್ಲೇ ನಿಮ್ಹಾನ್ಸ್ ಇದೆ, ಅಲ್ಲಿ ಯೋಗವನ್ನೂ ಕಲಿಸುತ್ತಾರೆ, ಮಾತ್ರೆಯನ್ನೂ ಕೊಡುತ್ತಾರೆ. ಒಂದೇ ಆವರಣದಲ್ಲಿ.

ಇದು ತಮಸ್ಸು ಅಂತ ನನಗೆ ಅನ್ನಿಸುತ್ತೆ. ಹಾಗಂದರೆ ಬೈದ ಹಾಗಲ್ಲ ಕಣೇ, ಮೂರು ಗುಣಗಳಲ್ಲಿ ಅದೂ ಒಂದು, ಎಲ್ಲರಲ್ಲೂ ಏರಿ ಇಳಿಯುತ್ತೆ. ತಮಸ್ಸಿನಿಂದ ಒಂದೇ ಹಾರಿಗೆ ಸತ್ತ್ವಕ್ಕೆ ಹೋಗಲಾಗುವುದಿಲ್ಲ, ನಡುವೆ ರಜಸ್ಸಿನ ಮೆಟ್ಟಿಲಿದೆ. ಅಂದರೆ ಕೈಕಾಲು ಆಡಬೇಕು. ಮನಸ್ಸು ಬಂದರೆ ಮಾಡುತ್ತೇನೆ ಅಂತ ಕಾದರೆ ಮನಸ್ಸು ಬರುವುದೇ ಇಲ್ಲ; ಮಾಡಿದ ಮೇಲೆ, ಅದೂ ಸ್ವಲ್ಪವೇ, ಬರುತ್ತೆ. ಈಗಿನ ಮನಶ್ಶಾಸ್ತ್ರದವರೂ ಖಿನ್ನತೆಗೆ ಕೆಲಸದಿಂದಲೇ ಶುರುಮಾಡಿಸುತ್ತಾರೆ. ಕೃಷ್ಣನೂ ಕರ್ಮವನ್ನು ಮೂರನೇ ಅಧ್ಯಾಯದಲ್ಲಿ ಹೇಳಿದ, ಧ್ಯಾನಕ್ಕೆ ಆರನೆಯದರವರೆಗೂ ಕಾಯಿಸಿದ.

ದೊಡ್ಡ ಕೆಲಸ ಬೇಡ. ನಿನ್ನ ಕಿಟಕಿಯ ಹತ್ತಿರ ಇಟ್ಟಿರುವ ಆ ಪುಟ್ಟ ಹಿತ್ತಾಳೆ ದೀಪ ಕಪ್ಪಾಗಿದೆ ಅಂದಿದ್ದೆಯಲ್ಲ. ಗೋಲಿಯಷ್ಟು ಹುಣಸೆಹಣ್ಣನ್ನು ಹತ್ತು ನಿಮಿಷ ನೆನೆಸು, ಚಿಟಿಕೆ ಉಪ್ಪು ಹಾಕಿ ತಿಕ್ಕು. ಬತ್ತಿ ಕೂರುವ ಮೂತಿಯಲ್ಲಿ ಎಣ್ಣೆ ಗಟ್ಟಿ ಕಟ್ಟಿರುತ್ತೆ, ಅದು ಬಿಸಿನೀರಿಗೇ ಬಿಡುವುದು. ತೊಳೆದ ಮೇಲೆ ಬಟ್ಟೆಯಲ್ಲಿ ಪೂರ್ತಿ ಒರೆಸು, ನೀರಿನ ಹನಿ ನಿಂತರೆ ಕಲೆ ಬೀಳುತ್ತೆ. ಚಿಟಿಕೆ ವಿಭೂತಿ ಬೆರಳಿಗೆ ಹಚ್ಚಿಕೊಂಡು ಹತ್ತಿಯಿಂದ ಎರಡು ಹೂಬತ್ತಿ ಹೊಸೆ. ಇಷ್ಟೇ. ಅವತ್ತು ಪೂಜೆ ಆಗದಿದ್ದರೂ ಚಿಂತೆಯಿಲ್ಲ. ಈ ಹದಿನೈದು ನಿಮಿಷದ ಹಿಂದೆ ಮುಂದೆ ಒಂದು ಚೀಟಿಯಲ್ಲಿ ಅಂಕ ಬರಿ: ಖುಷಿ ಹತ್ತಕ್ಕೆ ಎಷ್ಟು, ಮಾಡಿದೆನಲ್ಲ ಅನ್ನುವ ತೃಪ್ತಿ ಹತ್ತಕ್ಕೆ ಎಷ್ಟು. ಖುಷಿ ಒಂದರಲ್ಲೇ ನಿಂತು ತೃಪ್ತಿ ಎರಡರಿಂದ ಮೂರಕ್ಕೆ ಹೋಗಬಹುದು. ಎಂಟು ಬರಬೇಕಿತ್ತು ಅಂತ ನೋಡಿದರೆ ಮೂರು ಸೋಲಿನ ಹಾಗೇ ಕಾಣುತ್ತೆ. ಒಂದು ವಾರದ ಚೀಟಿ ಒಟ್ಟಿಗೆ ಇಟ್ಟು ನೋಡು, ಮತ್ತು ಡಾಕ್ಟರಿಗೆ ತೋರಿಸು, ಅವರಿಗೆ ಬೇಕಾಗುತ್ತೆ.

ಬೆಳಿಗ್ಗೆ ಒಂದೇ ಹೊತ್ತಿಗೆ ಏಳು, ರಾತ್ರಿ ನಿದ್ದೆ ಬಂದಿರಲಿ ಬಿಡಲಿ. ಎದ್ದು ಇಪ್ಪತ್ತು ನಿಮಿಷ ಬಿಸಿಲಲ್ಲಿ ನಡಿ. ಉಪವಾಸ ಸದ್ಯಕ್ಕೆ ನಿಲ್ಲಿಸು, ಏಕಾದಶಿಯದ್ದೂ. ಅತಿ ತಿನ್ನುವವನಿಗೂ ಏನೂ ತಿನ್ನದವನಿಗೂ ಯೋಗ ಇಲ್ಲ ಅಂತ ಕೃಷ್ಣನೇ ಹೇಳಿದ್ದಾನೆ. ಇಷ್ಟೆಲ್ಲ ಒಟ್ಟಿಗೆ ಮಾಡಲು ಆಗದು, ನನಗೆ ಗೊತ್ತು. ಹೇಳುವುದು ಸುಲಭ.

ದೇವರ ಮುಂದೆ ಏನೂ ಆಗಲಿಲ್ಲ ಅಂದೆಯಲ್ಲ, ಅದನ್ನೇ ಅವನಿಗೆ ಹೇಳು. ಏನೂ ಆಗುತ್ತಿಲ್ಲ ಅಂತ ದೀಪದ ಮುಂದೆ ನಿಂತು ಗಟ್ಟಿಯಾಗಿ ಹೇಳಿದರೂ ಅದು ಪ್ರಾರ್ಥನೆಯೇ. ಬಸವಣ್ಣನವರು ತಮ್ಮ ಮನಸ್ಸು ಕೊಂಬೆಯ ಮೇಲಿನ ಕೋತಿಯ ಹಾಗೆ ನೆಗೆಯುತ್ತೆ, ನಿಂತಲ್ಲಿ ನಿಲ್ಲುವುದಿಲ್ಲ ಅಂತ ಕೂಡಲಸಂಗಮನಿಗೇ ದೂರು ಕೊಟ್ಟಿದ್ದಾರೆ. ಅವರು ಮುಚ್ಚಿಡಲಿಲ್ಲ, ನೀನೂ ಮುಚ್ಚಿಡಬೇಡ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡುತ್ತೇನೆ. ಮಾತು ಬರದಿದ್ದರೆ ಹೂಂ ಅಂದರೂ ಸಾಕು, ನಾನು ಇಟ್ಟುಬಿಡುವುದಿಲ್ಲ. ಡಾಕ್ಟರ ಹತ್ತಿರ ಜೊತೆಗೆ ಯಾರಾದರೂ ಬೇಕೆನ್ನಿಸಿದರೆ ಅವತ್ತೇ ರಾತ್ರಿಯ ಬಸ್ಸಿಗೆ ನಾನೇ ಬರುತ್ತೇನೆ, ನಿಮ್ಮಮ್ಮನಿಗೆ ಏನು ಹೇಳಬೇಕು ಅನ್ನುವುದನ್ನು ಆಮೇಲೆ ಇಬ್ಬರೂ ಕೂತು ಯೋಚಿಸೋಣ. ಬಂದರೆ ಹತ್ತಿ ತರುತ್ತೇನೆ, ಹಿತ್ತಲ ಗಿಡದ್ದು ಈ ಸಲ ಚೆನ್ನಾಗಿ ಬಿಟ್ಟಿದೆ.

ನಿನ್ನ
ದೊಡ್ಡಮ್ಮ